ಗಾಳ ಸಮೇತ ಬರುತ್ತಿರುವ ಅಮೆರಿಕದ ಅಳಿಯಂದಿರಿಗೊಂದು ಬಹಿರಂಗ ಪತ್ರ

ಅಳಿಯಂದಿರೇ,

ಈ ಸಲ ರಜೆಗೆ ಬಸವನಗುಡಿಗೆ ಬರುವಾಗ ಗಾಳದ ಕೋಲು, ರೀಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ಎಲ್ಲವನ್ನೂ ಕಟ್ಟಿಕೊಂಡು ಬರುತ್ತೀರೆಂದು ಕೇಳಿ ಸಂತೋಷವಾಯಿತು. ಇದನ್ನು ನಿಮ್ಮೊಬ್ಬರಿಗೇ ಬರೆಯಬಹುದಿತ್ತು. ಆದರೆ ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಈಗ ಮನೆಗೊಬ್ಬರು ಅಮೆರಿಕದ ಅಳಿಯಂದಿರು ಇರುವುದರಿಂದ, ಎಲ್ಲರಿಗೂ ಒಂದೇ ಪತ್ರ ಸಾಕೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಫ್ಯಾಮಿಲಿ ಗ್ರೂಪಿನಲ್ಲಿ ನೀವು ಹಾಕುವ ಫೋಟೋಗಳನ್ನು ನೋಡಿದ್ದೇವೆ. ಎರಡೂ ಕೈಯಲ್ಲಿ ಎತ್ತಿ ಹಿಡಿದ ಬೆಳ್ಳಿ ಬಣ್ಣದ ಮೀನು, ಮೈಯುದ್ದಕ್ಕೂ ಏಳೆಂಟು ಕಪ್ಪು ಗೆರೆ. ಸ್ಟ್ರೈಪ್ಡ್ ಬಾಸ್ ಅಂತ ಹೆಸರು. ನಿಮ್ಮ ಅತ್ತೆಯವರು ಮೊದಲು ಗಾಬರಿಯಾದರು. ಫೋಟೋ ತೆಗೆದ ಮೇಲೆ ಮೀನನ್ನು ಮತ್ತೆ ನೀರಿಗೇ ಬಿಡುತ್ತೀರೆಂದು ತಿಳಿದು ಸಮಾಧಾನವಾಯಿತು. ತಿನ್ನದಿದ್ದರೆ ಮಡಿಗೆ ಭಂಗವಿಲ್ಲವಂತೆ. ತುಟಿಗೆ ಕೊಕ್ಕೆ ಚುಚ್ಚಿಸಿಕೊಂಡ ಮೀನಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮನೆಯ ಹತ್ತಿರ ಗಾಳ ಹಾಕಲು ಯಾವ ಕೆರೆ ಒಳ್ಳೆಯದು ಎಂದು ಕೇಳಿದ್ದೀರಿ. ಧರ್ಮಾಂಬುಧಿ ಕೆರೆ ಹತ್ತಿರವೇ ಇದೆ. ಆದರೆ ಅಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ನಮ್ಮ ಬಸವನಗುಡಿಯ ಕಾರಂಜಿ ಕೆರೆ ಹೋಯಿತು, ಹೆಸರು ಹೇಳಲು ಕಾರಂಜಿ ಆಂಜನೇಯ ಉಳಿದಿದ್ದಾನೆ. ನೀರೂ ಇರಬೇಕು ಎನ್ನುವ ಹಟ ನಿಮ್ಮದಾದರೆ ಗವಿಪುರದ ಪಕ್ಕದ ಕೆಂಪಾಂಬುಧಿ ಇದೆ, ಮಲ್ಲೇಶ್ವರದ ಬದಿಗೆ ಸ್ಯಾಂಕಿ ಕೆರೆ ಇದೆ. ಸ್ಯಾಂಕಿ ಎಂಬ ಕರ್ನಲ್ ಸಾಹೇಬರು 1882ರಲ್ಲಿ ಕಟ್ಟಿಸಿದ್ದು. ಬೇಲಿ, ಕಲ್ಲುಬೆಂಚು, ನಡೆದಾಡುವ ದಾರಿ ಎಲ್ಲ ಅಚ್ಚುಕಟ್ಟು. ಷೂ ಹಾಕಿಕೊಂಡು ಕೆರೆಗೆ ನಾಲ್ಕು ಸುತ್ತು ಬರುವವರು ನೂರಾರು ಮಂದಿ. ನೀರಿನ ಕಡೆಗೆ ತಿರುಗಿ ನೋಡುವವರನ್ನು ಬೆರಳಲ್ಲಿ ಎಣಿಸಬಹುದು.

ಕೋಲು ಬಿಚ್ಚುವ ಮೊದಲು ಒಂದು ಮಾತು. ನಿಮ್ಮಲ್ಲಿ ಲೈಸೆನ್ಸ್ ಕೊಂಡರೆ ಆಯಿತು, ಯಾರು ಬೇಕಾದರೂ ಗಾಳ ಹಾಕಬಹುದು. ಇಲ್ಲಿ ಕೆರೆಯ ಮೀನಿಗೆ ‘ಪಾಶುವಾರು ಹಕ್ಕು’ ಎಂಬುದಿದೆ. ಮೀನುಗಾರಿಕೆ ಇಲಾಖೆ ಅದನ್ನು ಐದು ವರ್ಷಕ್ಕೆ ಟೆಂಡರ್ ಕರೆದು ಕೊಡುತ್ತದೆ. ಗುತ್ತಿಗೆದಾರರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ತಂದು ಬಿಡುತ್ತಾರೆ, ಬೆಳೆದ ಮೇಲೆ ಬಲೆ ಎಳೆಯುತ್ತಾರೆ. ಒಟ್ಟಿನಲ್ಲಿ ಕೆರೆ ಪಾಲಿಕೆಯದು, ಮೀನು ಗುತ್ತಿಗೆದಾರರದು, ಕೊಳಚೆ ಎಲ್ಲರದು, ಸತ್ತ ಮೀನು ಯಾರದೂ ಅಲ್ಲ.

ನಿಮ್ಮ ಬಾಸ್ ಬಗ್ಗೆ ನಾನೂ ಸ್ವಲ್ಪ ಓದಿಕೊಂಡಿದ್ದೇನೆ. ಅದು ಮೂಲತಃ ಸಮುದ್ರದ ಮೀನು, ಮೊಟ್ಟೆ ಇಡಲು ಮಾತ್ರ ನದಿ ಹತ್ತುತ್ತಿತ್ತು. 1940ರ ದಶಕದ ಆರಂಭದಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಸ್ಯಾಂಟೀ-ಕೂಪರ್ ಅಣೆಕಟ್ಟು ಕಟ್ಟಿದಾಗ ಒಳಗೆ ಸಿಕ್ಕಿಹಾಕಿಕೊಂಡವು ಸಿಹಿನೀರಿನಲ್ಲೇ ಸಂಸಾರ ಹೂಡಿದವು. ಆಮೇಲೆ ಬೇರೆ ಬೇರೆ ರಾಜ್ಯದವರು ಮರಿ ತಂದು ತಮ್ಮ ಜಲಾಶಯಗಳಿಗೆ ಬಿಟ್ಟರು. ಅದರ ಮೊಟ್ಟೆ ತೇಲುತ್ತಾ ಮರಿಯಾಗಲು ಹರಿವ ನೀರು ಬೇಕು, ಆದ್ದರಿಂದ ಹೆಚ್ಚಿನ ಕೆರೆಗಳಲ್ಲಿ ಅದು ತಾನಾಗಿ ವಂಶ ಬೆಳೆಸುವುದಿಲ್ಲ. ನಮ್ಮ ಕಾಟ್ಲಾ, ರೋಹುಗಳ ಕಥೆಯೂ ಅದೇ. ಗಂಗೆಯ ಕಡೆಯವು, ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ನಮ್ಮ ಕೆರೆಕೆರೆಗೂ ಮರಿ ಸಿಗುವಂತಾಯಿತು. ಹೊರಗಿನಿಂದ ಬಂದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನೀವೂ ಹೊರಗೆ ಹೋದವರೇ.

ತೊಂದರೆ ಇರುವುದು ಉಸಿರಿನಲ್ಲಿ. ಬಲಿತ ಬಾಸ್‌ಗೆ ತಂಪು ನೀರು ಬೇಕು, ಆಮ್ಲಜನಕವೂ ಬೇಕು. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗಿ, ತಳದ ನೀರಲ್ಲಿ ಉಸಿರು ಕಟ್ಟಿ, ನಡುವಿನ ತೆಳು ಪದರದಲ್ಲಿ ಅದು ಒದ್ದಾಡುತ್ತದೆ. ನಮ್ಮ ಕೆರೆಯಲ್ಲಿ ಆ ನಡುವಿನ ಪದರವೂ ಇಲ್ಲ. ಕೊಳಚೆ ಸೇರಿ ಪಾಚಿ ಕೊಬ್ಬುತ್ತದೆ. ಹಗಲು ಬಿಸಿಲಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ಬೆಳಗಿನ ಜಾವಕ್ಕೆ ಬಂಡವಾಳ ಖಾಲಿ. ಆ ಹೊತ್ತಿಗೆ ಹೋಗಿ ನೋಡಿ: ಮೀನುಗಳು ನೀರಿನ ಮೇಲ್ಮೈಗೆ ಮೂತಿ ಹಚ್ಚಿ, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿರುತ್ತವೆ. ವಾಕಿಂಗಿಗೆ ಬಂದವರು ಅದನ್ನು ಆಟವೆಂದುಕೊಂಡು ಬ್ರೆಡ್ಡು ಎಸೆಯುತ್ತಾರೆ. ಅದು ಕೊಳೆತು ಇನ್ನಷ್ಟು ಆಮ್ಲಜನಕ ನುಂಗುತ್ತದೆ. ಮೊದಲ ಮಳೆಗೆ ಮೋರಿ ತೊಳೆದು ಬಂದ ನೀರೂ ಸೇರಿತೋ, ಮುಗಿಯಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಗಾಳವೇ ಬೇಕಿರಲಿಲ್ಲ.

ಆದರೂ ನೀವು ಬರಿಗೈಯಲ್ಲಿ ಹೋಗುವ ಭಯವಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಇದೆ. 2000ದಲ್ಲೇ ಕೇಂದ್ರ ಸರ್ಕಾರ ಅದರ ಸಾಕಾಣಿಕೆ ನಿಷೇಧಿಸಿದೆ. ನಿಷೇಧದ ಸುದ್ದಿ ಮೀನಿಗೆ ತಲುಪಿದಂತಿಲ್ಲ. ಕಿವಿರಿನ ಮೇಲೆ ಅದಕ್ಕೆ ಗಾಳಿಯನ್ನೇ ಉಸಿರಾಡುವ ಬೇರೊಂದು ಅಂಗವಿದೆ. ನೀರು ಕೆಟ್ಟರೆ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗುತ್ತದೆ. ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಹೊಂಡಕ್ಕೂ ಸೇರುತ್ತದೆ. ಸಿಕ್ಕ ಮೀನು, ಮರಿ, ಕಪ್ಪೆ ಎಲ್ಲ ತಿನ್ನುತ್ತದೆ. ನಮ್ಮ ನಗರ ಯೋಜನೆಗೆ ಇದಕ್ಕಿಂತ ಹೊಂದುವ ಪ್ರಜೆ ಯಾರಿದ್ದಾರೆ? ಎರೆಹುಳು ಕಟ್ಟಿ ಗಾಳ ಎಸೆದರೆ ಸಾಕು, ಅದಕ್ಕೆ ನಿಮ್ಮ ದುಬಾರಿ ಪ್ಲಾಸ್ಟಿಕ್ ಮೀನು ಬೇಕಿಲ್ಲ. ಫೋಟೋ ಮಾತ್ರ ಗ್ರೂಪಿಗೆ ಹಾಕಬೇಡಿ, ಮೀಸೆ ನೋಡಿ ಅತ್ತೆಯವರು ಹೆದರುತ್ತಾರೆ. ಹಿಡಿದದ್ದನ್ನು ವಾಪಸ್ ಬಿಡಲೂಬೇಡಿ. ನಿಮ್ಮ ಜೀವದಯೆಯ ನಿಯಮ ಇಲ್ಲಿ ಉಳಿದ ಮೀನುಗಳಿಗೆ ಮರಣಶಾಸನ.

ಇನ್ನು ಗಂಭೀರವಾಗಿ ಒಂದು ಮಾತು. ನೀರಿನ ಗುಣಮಟ್ಟಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಎ ಇಂದ ಇ ವರೆಗೆ ದರ್ಜೆ ಕೊಡುತ್ತಾರೆ. ಮೀನು ಬದುಕುವ ನೀರು ‘ಡಿ’: ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಶಾಲೆಯಲ್ಲಿ ಡಿ ಬಂದರೆ ಅಪ್ಪನ ಸಹಿಗೆ ಹೆದರುತ್ತಿದ್ದೆವು. ಬೆಂಗಳೂರಿನ ಕೆರೆಗೆ ಡಿ ಬಂದರೆ ಅದೇ ಡಿಸ್ಟಿಂಕ್ಷನ್. ಬೇಲಿ, ದೀಪ, ಕಾರಂಜಿ, ಸೆಲ್ಫಿ ಪಾಯಿಂಟು ಹಾಕಿ ಕೆರೆ ಉಳಿಸಿದೆವೆನ್ನುತ್ತೇವೆ. ಉಳಿದದ್ದು ಕೆರೆಯ ದಂಡೆ.

ಆದ್ದರಿಂದ ಅಳಿಯಂದಿರೇ, ಕೋಲು ಅಲ್ಲೇ ಇರಲಿ. ಬದಲಿಗೆ ಆಮ್ಲಜನಕ ಅಳೆಯುವ ಒಂದು ಮೀಟರ್ ತನ್ನಿ. ಉಳಿದ ಅಳಿಯಂದಿರೂ ತರಲಿ. ಬೆಳಗ್ಗೆ ಆರಕ್ಕೆ ಒಟ್ಟಿಗೆ ಹೋಗಿ ಅಳೆಯೋಣ. ಪ್ರತಿ ಕೆರೆಯ ಬೋರ್ಡಿನಲ್ಲಿ ಉದ್ಘಾಟಕರ ಹೆಸರಿನ ಕೆಳಗೆ ಆ ದಿನದ ಅಂಕಿ ಬರೆಯುವಂತೆ ಪಾಲಿಕೆಯನ್ನು ಕೇಳೋಣ. ಅಂಕಿ ನಾಲ್ಕಕ್ಕಿಂತ ಕೆಳಗಿಳಿದ ಕೆರೆಯಲ್ಲಿ, ಅದು ಮೇಲೇರುವವರೆಗೆ ಹೊಸ ಬೆಂಚಿಗೂ ಹೊಸ ದೀಪಕ್ಕೂ ಒಂದು ರೂಪಾಯಿ ಖರ್ಚು ಮಾಡಬಾರದು. ಇದಕ್ಕೆ ಒಪ್ಪುವವರು ಬಂದು ಸಹಿ ಹಾಕಿ.

ಇತಿ,
ನಿಮ್ಮ ಮಾವ