ಎಲ್ಲರೂ ಒಳಗೆ!

(ಎಲೆಕ್ಟ್ರಾನಿಕ್ ಸಿಟಿ. ಒಂದು ಕಂಪನಿ ಗೇಟಿನೆದುರು ಟೀ ಗಾಡಿ. ಹೌಸ್‌ಕೀಪಿಂಗ್ ರತ್ನಕ್ಕ, ಸೆಕ್ಯೂರಿಟಿ ಗೌಡ್ರು. ಟೀಗೆ ಸಕ್ಕರೆ ಮಾತ್ರ ಸಮಪಾಲು.)

ರತ್ನಕ್ಕ: ಏನ್ ಗೌಡ್ರೇ, ಗೇಟಿಗೆಲ್ಲ ಬಲೂನು?

ಗೌಡ್ರು: ಡೈವರ್ಸಿಟಿ ಅಂತೆ ಕಣಕ್ಕ.

ರತ್ನಕ್ಕ: ಅದ್ಯಾವ ಸಿಟಿ? ಇದು ಎಲೆಕ್ಟ್ರಾನಿಕ್ ಸಿಟಿ ಅಲ್ವಾ?

ಗೌಡ್ರು: ಹೆಣ್ಣು-ಗಂಡು ಎಲ್ಲಾ ಸಮ ಅಂತ. ಸ್ಟೇಜ್ ಮೇಲೆ ಸಾಹೇಬ್ರುಗಳೆಲ್ಲ ಮಾತಾಡ್ತಾವ್ರೆ.

ರತ್ನಕ್ಕ: ಮೇಡಮ್ಮೋರು?

ಗೌಡ್ರು: ಇಲ್ದೆ ಏನು? ಬೊಕೆ ಕೊಡೋರು ಯಾರು ಮತ್ತೆ!

ರತ್ನಕ್ಕ: ಗಾಲಿಕುರ್ಚಿ ಸಾರು?

ಗೌಡ್ರು: ಕೆಳಗವ್ರೆ. ರ‍್ಯಾಂಪಿಗೆ ಅಡ್ಡ ಬ್ಯಾನರ್ ಕಟ್ಟವ್ರೆ, ‘ಎಲ್ಲರಿಗೂ ಸ್ವಾಗತ’ ಅಂತ.

ರತ್ನಕ್ಕ: 50 ಜನ ಕೆಲಸಕ್ಕಿದ್ರೆ ಕೂಸಿನ ಮನೆ ಇರ್ಬೇಕು ಅಂತ 2017ರಲ್ಲೇ ಕಾನೂನು ಬಂತಂತೆ?

ಗೌಡ್ರು: ಐತಲ್ಲ! ಒಳಗೆ ಹಳೇ ಪ್ರಿಂಟರ್ ಮಲಗವೆ.

ರತ್ನಕ್ಕ: ಪಾಪ, ಅಳೋದೂ ಇಲ್ಲ. ಅದಿರ್ಲಿ, ಕಂಪ್ನಿಗಳಲ್ಲಿ ಮ್ಯಾನೇಜರ್ ಕೆಲ್ಸ ಬಿಟ್ಟು ಉಳಿದಿದ್ರಲ್ಲಿ ಕನ್ನಡದೋರ್ಗೆ ಶೇ 70 ಅಂದಿದ್ರಲ್ಲ?

ಗೌಡ್ರು: 2024ರ ಜುಲೈ 15, ಸೋಮವಾರ ರಾಜ್ಯ ಸಂಪುಟ ಆ ಮಸೂದೆ ಒಪ್ತು. ಬುಧವಾರ ಸರ್ಕಾರ ತಡೆಹಿಡೀತು. ಮಧ್ಯೆ ಮಂಗಳವಾರ ನಮ್ದೇ!

ರತ್ನಕ್ಕ: ಕಂಪ್ನೀಲಿ ಇಷ್ಟು ಹೆಂಗಸ್ರು ಅಂತಾರಲ್ಲ, ಆ ಲೆಕ್ಕದಾಗೆ ನಾನೂ ಇದೀನಾ?

ಗೌಡ್ರು: ನೀವು ಏಜೆನ್ಸಿಯೋರಲ್ವಾ? ಸಭೆ ಮುಗಿದ್ಮೇಲೆ ಗುಡಿಸೋಕೆ ಬರ್ಬೇಕಂತೆ, ಹಿಂದಿನ ಗೇಟಿಂದ.