ನಿರ್ಗಮನಮೀಮಾಂಸೆ, ಅಥವಾ ಸೇರದ ಕೂಟದಿಂದ ಹೊರಬಂದದ್ದರ ಆರ್ಥಿಕ ಪರಿಣಾಮಗಳು

ಪೀಠಿಕೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತವು ‘ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ’, ಅಂದರೆ ಆರ್‌ಸಿಇಪಿ, ನಮಗೆ ಬೇಡವೆಂದು ಹೇಳಿ ಎದ್ದು ಬಂತು. ಒಳಗೇ ಹೋಗದವನು ಹೊರಬರುವುದು ಹೇಗೆಂಬ ತೊಡಕನ್ನು ಪೂರ್ವಸೂರಿಗಳು ಬಿಡಿಸಿಟ್ಟಿಲ್ಲ. ಆದಕಾರಣ ಪ್ರಸ್ತುತ ಪ್ರಬಂಧವು ಇದಕ್ಕೆ ‘ಅಪ್ರವೇಶಪೂರ್ವಕ ನಿರ್ಗಮನ’ ಎಂಬ ಪರಿಭಾಷೆಯನ್ನು ದಯಪಾಲಿಸಿ ಮುಂದುವರಿಯುತ್ತದೆ. ಬ್ರಿಟನ್ನಿನವರು 2016ರಲ್ಲಿ ಮತ ಹಾಕಿ, 2020ರ ಜನವರಿ 31ರವರೆಗೆ ತಮ್ಮತಮ್ಮಲ್ಲೇ ಕಿತ್ತಾಡಿ ಯುರೋಪಿನ ಒಕ್ಕೂಟದಿಂದ ಹೊರಬಿದ್ದರು. ಅವರದು ಪ್ರವೇಶಪೂರ್ವಕ. ತುಲನಾತ್ಮಕ ಅಧ್ಯಯನ ಇಲ್ಲಿಗೆ ಸಮಾಪ್ತಿ.

ಸೂತ್ರ 1. ನಿರ್ಗಮನದ ಪರಿಣಾಮವು ಮೊದಲು ಚರ್ಚಾಕಾರನ ಸಂಭಾವನೆಯ ಮೇಲೆ, ತದನಂತರ ದೇಶದ ಮೇಲೆ ಆಗತಕ್ಕದ್ದು.

ಭಾಷ್ಯ. ಚರ್ಚಾಕಾರರು ಐದು ವಿಧ. ಮೊದಲನೆಯವನು ಮೌಲ್ಯಸರಪಳಿವಿಯೋಗವ್ಯಾಕುಲ. ಜಾಗತಿಕ ಮೌಲ್ಯ ಸರಪಳಿಯಿಂದ ನಾವು ಕಳಚಿಕೊಂಡೆವೆಂದು ಕಣ್ಣೀರಿಡುತ್ತಾನೆ. ಸರಪಳಿ ಯಾರ ಕಾಲಿಗಿತ್ತು ಎಂದು ಕೇಳಿದರೆ ಮುಂದಿನ ಸ್ಲೈಡಿಗೆ ಹೋಗುತ್ತಾನೆ. ಎರಡನೆಯವನು ಕ್ಷೀರಸಾಗರಭೀತ. ನ್ಯೂಜಿಲೆಂಡಿನ ಹಾಲಿನ ಪುಡಿ ಮಂಡ್ಯದ ತನಕ ಉಕ್ಕಿ ಬರುವುದನ್ನು ದಿವ್ಯದೃಷ್ಟಿಯಿಂದ ಕಂಡವನು. (ಈ ಭಯ ಪೂರ್ತಿ ಸುಳ್ಳಲ್ಲ. ಎರಡು ಹಸು ಕಟ್ಟಿಕೊಂಡವರು ಆಗ ಬೀದಿಗಿಳಿದದ್ದು ತಮಾಷೆಗಲ್ಲ. ಆದರೆ ಟಿವಿಯಲ್ಲಿ ಅವರ ಪರವಾಗಿ ಮಾತಾಡಿದವರಿಗೆ ಕೆಚ್ಚಲು ಯಾವುದು ಕೊಂಬು ಯಾವುದು ಗೊತ್ತಿರಲಿಲ್ಲ.) ಮೂರನೆಯವನು ಉಭಯಪಾರ್ಶ್ವಶಾಯಿ, ಒಂದು ಕಡೆಯಿಂದ ನೋಡಿದರೆ ಲಾಭ, ಇನ್ನೊಂದು ಕಡೆಯಿಂದ ನಷ್ಟ ಎಂದು ಹೇಳಿ ಕಾರು ಹತ್ತುವವನು. ಉಳಿದೆರಡು ವಿಧಗಳನ್ನು ಪರಿಶೀಲಿಸಲಾಗಿ, ಇದೇ ಮೂವರು ಬೇರೆ ಚಾನೆಲ್ಲುಗಳಲ್ಲಿ ಕೂತಿದ್ದರೆಂದು ತಿಳಿದುಬಂದದ್ದರಿಂದ ವರ್ಗೀಕರಣವನ್ನು ಕೈಬಿಡಲಾಗಿದೆ.

ಸೂತ್ರ 2. ಕ್ಷೇತ್ರಕಾರ್ಯವಿಲ್ಲದೆ ಶಾಸ್ತ್ರವಿಲ್ಲ.

ಭಾಷ್ಯ. ಕ್ಷೇತ್ರವಾಗಿ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ಆರಿಸಲಾಗಿದೆ. ಇಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ಒಕ್ಕಲಿಗ ಕುಟುಂಬಗಳಿವೆ. ಘಾಟಿ ಹತ್ತಿದರೆ ಮಲಯಾಳಂ. ಏಲಕ್ಕಿ ಬೆಳೆಯುವುದು ಮೇಲೆ, ಕೇರಳದ ಇಡುಕ್ಕಿಯಲ್ಲಿ. ಹರಾಜಾಗುವುದು ಅಲ್ಲಿನ ಪುಟ್ಟಡಿಯಲ್ಲಿ, ಕೆಳಗೆ ಬೋಡಿನಾಯಕನೂರಿನಲ್ಲಿ. ಬೋಡಿಯ ಹರಾಜಿನ ಕೋಣೆಯಲ್ಲಿ ವ್ಯಾಪಾರಿ ಮಾದರಿಯ ಕಾಯೊಂದನ್ನು ಉಗುರಿನಿಂದ ಸೀಳಿ, ಕಾಳಿನ ಕಪ್ಪು ನೋಡಿ, ಮೂಸಿ, ಗುಂಡಿ ಒತ್ತುತ್ತಾನೆ. ಆರ್‌ಸಿಇಪಿ ಅವನ ಬೆರಳನ್ನು ಎಷ್ಟು ಅಲುಗಾಡಿಸಿತು ಎಂಬುದೇ ಸಂಶೋಧನಾ ಪ್ರಶ್ನೆ.

ಉತ್ತರ: ಏನೂ ಇಲ್ಲ. ಏಲಕ್ಕಿಯಲ್ಲಿ ನಮ್ಮ ಪ್ರತಿಸ್ಪರ್ಧಿ ಗ್ವಾಟೆಮಾಲ. ಅದು ಇರುವುದು ಮಧ್ಯ ಅಮೆರಿಕದಲ್ಲಿ, ಆ ಕೂಟದಲ್ಲಿ ಅಲ್ಲವೇ ಅಲ್ಲ. ಕಾಳುಮೆಣಸಿನ ವಿಯೆಟ್ನಾಂ ಕೂಟದಲ್ಲಿದೆ ನಿಜ. ಆದರೆ 2010ರಲ್ಲಿ ಜಾರಿಗೆ ಬಂದ ಆಸಿಯಾನ್ ಒಪ್ಪಂದದ ಬಾಗಿಲಿನಿಂದ ಅದು ಎಂದೋ ಒಳಗೆ ಬಂದಾಗಿತ್ತು. ಶ್ರೀಲಂಕಾಕ್ಕೆ 2000ದಿಂದಲೇ ಬೇರೆ ಬಾಗಿಲು. ವಿಯೆಟ್ನಾಮಿನ ಮೆಣಸು ಲಂಕೆಯ ವೇಷ ಹಾಕಿ ಬರುತ್ತಿದೆಯೆಂದು ಕೊಡಗು, ಸಕಲೇಶಪುರದ ಬೆಳೆಗಾರರು ಬೊಬ್ಬೆ ಹೊಡೆದ ಮೇಲೆ, 2017ರಲ್ಲಿ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟಿದರು. ನಾವು ಬಿಟ್ಟುಬಂದ ಹದಿನೈದು ದೇಶಗಳಲ್ಲಿ ಹನ್ನೆರಡರ ಜೊತೆ ಆಗಲೇ ಒಪ್ಪಂದವಿತ್ತು: ಆಸಿಯಾನಿನ ಹತ್ತು, ಜಪಾನ್, ದಕ್ಷಿಣ ಕೊರಿಯಾ. 2022ರಲ್ಲಿ ಆಸ್ಟ್ರೇಲಿಯಾದ ಜೊತೆಗೂ ಆಯಿತು. ಈ ಮನೆಗೆ ಕಾಲಿಡುವುದಿಲ್ಲವೆಂದು ಹೊಸಿಲಲ್ಲಿ ನಿಂತು ಆಣೆ ಮಾಡಿದವನ ಉಡಿದಾರದಲ್ಲಿ ಹನ್ನೆರಡು ಕೋಣೆಗಳ ಬೀಗದಕೈ ಜೋತಾಡುತ್ತಿತ್ತು. ಬೀಗದ ಮಾತು ಬಂದದ್ದರಿಂದ ದಿಂಡಿಗಲ್ ಕುರಿತೂ ಒಂದು ಉಪಸೂತ್ರ: ಅಲ್ಲಿನ ಕೈಬೀಗಕ್ಕೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಆ ಕಸುಬನ್ನು ಅಷ್ಟರಲ್ಲಾಗಲೇ ಸೊರಗಿಸಿದವುಗಳಲ್ಲಿ ಅಲಿಗಢದ ಅಗ್ಗದ ಯಂತ್ರದ ಬೀಗಗಳೂ ಇದ್ದವು. ಅಲಿಗಢದಿಂದ ನಿರ್ಗಮಿಸುವುದು ಹೇಗೆಂದು ಯಾವ ತಜ್ಞನೂ ಹೇಳಲಿಲ್ಲ.

ಇನ್ನು ಬೆಲೆ. ಚರ್ಚೆ ಕುದಿಯುತ್ತಿದ್ದ ಅದೇ ವರ್ಷದ ಆಗಸ್ಟ್‌ನಲ್ಲಿ ಇಡುಕ್ಕಿಯ ಹರಾಜಿನಲ್ಲಿ ಏಲಕ್ಕಿ ಕಿಲೋಗೆ 7,000 ರೂಪಾಯಿ ಮುಟ್ಟಿತು. ಹಿಂದಿನ ವರ್ಷದ ಪ್ರವಾಹ ಗಿಡ ಕೊಂದಿತ್ತು, ಮಳೆಯಿಲ್ಲದೆ ಉಳಿದದ್ದೂ ಬಾಡಿತ್ತು. ಮಾರಲು ಕಾಯಿಯೇ ಇಲ್ಲದವನಿಗೆ ಏಳು ಸಾವಿರವಾದರೇನು, ಎಪ್ಪತ್ತು ಸಾವಿರವಾದರೇನು? ಎರಡು ಮೂರು ವರ್ಷದಲ್ಲಿ ಕಾಯಿ ಬಂತು, ಬೆಲೆ ಸಾವಿರದ ಕೆಳಗೆ ಬಿತ್ತು. ಮಳೆ ಯಾವ ಕೂಟದ ಸದಸ್ಯ ರಾಷ್ಟ್ರವೋ ತಿಳಿಯದು.

ಸೂತ್ರ 3 ಇರಬೇಕಿತ್ತು. ಅದು ‘ಸಮಗ್ರ ಕಲ್ಯಾಣಲಾಭ’ದ ಸಮೀಕರಣ. ಬಿಡಿ, ಬರೆಯುವ ಮನಸ್ಸಿಲ್ಲ.

ಯಾಕೆಂದರೆ ಈ ಕಣಿವೆ ನಿಜವಾದ ನಿರ್ಗಮನವನ್ನು ಉಂಡಿದೆ. ಕಂಬಂ, ಬೋಡಿ, ಉತ್ತಮಪಾಳಯಂಗಳಿಂದ ಬೆಳಕು ಹರಿಯುವ ಮುನ್ನ ಜೀಪುಗಳಲ್ಲಿ ಒತ್ತೊತ್ತಾಗಿ ನಿಂತು ಹೆಂಗಸರು ಘಾಟಿ ಹತ್ತುತ್ತಾರೆ, ಏಲಕ್ಕಿ ಕೊಯ್ದು ಸಂಜೆ ಇಳಿಯುತ್ತಾರೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ದೇವಿಕುಳಂ, ಪೀರ್ಮೇಡು ಕೇರಳಕ್ಕೇ ಉಳಿದವು. ತೋಟ ಅತ್ತ, ಕೂಲಿ ಇತ್ತ, ಅಣೆಕಟ್ಟು ಅತ್ತ, ಅದರ ನೀರು ಕುಡಿಯುವ ದ್ರಾಕ್ಷಿ ಇತ್ತ. ಆದರೂ ದಿನವೂ ನಡೆದುಕೊಂಡು ಬಂದ ಕೂಟವದು, ಯಾರೂ ಸಹಿ ಹಾಕದ್ದು. 2011ರ ಡಿಸೆಂಬರ್‌ನಲ್ಲಿ ಆ ಅಣೆಕಟ್ಟಿನ, ಅಂದರೆ ಮುಲ್ಲಪೆರಿಯಾರಿನ, ಜಗಳ ಹತ್ತಿ ಉರಿದು ಕುಮಿಳಿ, ಕಂಬಮ್ಮೆಟ್ಟು, ಬೋಡಿಮೆಟ್ಟು ಮೂರೂ ದಾರಿ ಕಟ್ಟಿಹೋದವು. ಮೇಲೆ ಕೆಲಸಕ್ಕೆ ಹೋದವರು ಏಟು ತಿಂದು, ಕೆಲವರು ಕಾಡುದಾರಿ ಹಿಡಿದು ಇಳಿದರು. ಕೆಳಗೆ ಮಲಯಾಳಿಗಳ ಅಂಗಡಿಗಳಿಗೆ ಕಲ್ಲು ಬಿತ್ತು. ತರಕಾರಿ, ಬಾಳೆ ಘಾಟಿ ಹತ್ತಲಿಲ್ಲ, ಕೊಯ್ಯುವವರಿಲ್ಲದೆ ಏಲಕ್ಕಿ ಗಿಡದಲ್ಲೇ ಉಳಿಯಿತು, ಅಯ್ಯಪ್ಪನ ಮಾಲೆ ಹಾಕಿದವರು ಸುತ್ತು ಬಳಸಿ ಹೋದರು. ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ತರುವವಳ ಒಲೆ ಎಷ್ಟು ದಿನ ತಣ್ಣಗಿತ್ತು ಎಂದು ಒಬ್ಬ, ಒಬ್ಬನೇ ಒಬ್ಬ ಮಹಾನುಭಾವ ಬಂದು ಕೇಳಲಿಲ್ಲ. 2020ರಲ್ಲಿ ಕೋವಿಡ್ ಎಂದು ಗೇಟು ಹಾಕಿ ಪಾಸು ಕೇಳಿದಾಗಲೂ ಅಷ್ಟೇ. ಬ್ಯಾಂಕಾಕಿನ ಒಂದು ಸಂಜೆಗೆ ಶೇಕಡಾವಾರು ಕಟ್ಟಲು ನಮ್ಮಲ್ಲಿ ಎಷ್ಟೊಂದು ಮಂದಿ!

ಒಂದು ವಿಚಾರಸಂಕಿರಣದಲ್ಲಿ ಈ ಮಾತನ್ನು ಎತ್ತಿದೆ. ಪ್ರಧಾನ ಭಾಷಣಕಾರರು ಕನ್ನಡಕ ತೆಗೆದು ಒರೆಸಿಕೊಂಡು, ಅದು ಕಾನೂನು ಸುವ್ಯವಸ್ಥೆಯ ವಿಷಯ, ಅರ್ಥಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಪ್ಪಣೆ ಕೊಡಿಸಿದರು. ಅಧ್ಯಕ್ಷರು ಊಟಕ್ಕೆ ಬಿಟ್ಟರು. ಪಾಯಸಕ್ಕೆ ಏಲಕ್ಕಿ ಧಾರಾಳವಾಗಿಯೇ ಹಾಕಿದ್ದರು.