ಬಂಪರಣ್ಣ

ಊರ್ಡಿಗೆರೆ ಬಸ್ ಸ್ಟಾಂಡಿನಲ್ಲಿ ಬಂಪರಣ್ಣನ ಬೊಲೆರೊ ನಿಂತಿದ್ದರೆ ಅದರ ಮುಂದೆ ಹಾಯುವವರು ಎರಡು ಹೆಜ್ಜೆ ಹೆಚ್ಚಿಗೆ ಸುತ್ತಬೇಕು. ಗಾಡಿ ಮುಗಿದ ಮೇಲೂ ಒಂದಡಿ ಗಾಡಿ ಇರುತ್ತದೆ. ಅದು ಕಂಪನಿಯವರು ಕೊಟ್ಟದ್ದಲ್ಲ, ಅಣ್ಣ ಸ್ವಂತ ದುಡಿಮೆಯಿಂದ ಬೆಳೆಸಿದ್ದು. ಎರಡಿಂಚಿನ ಸ್ಟೀಲ್ ಪೈಪು, ಅದಕ್ಕೆ ಅಡ್ಡಡ್ಡ ಮೂರು ಪೈಪು, ಮೇಲೆ ಗುಂಡನೆಯ ನಾಲ್ಕು ದೀಪ, ಕೆಳಗೆ ಉದ್ದನೆಯ ಎಲ್‌ಇಡಿ ಪಟ್ಟಿ, ಮೂಲೆಗೊಂದು ನಿಂಬೆಹಣ್ಣು, ನಿಂಬೆಹಣ್ಣಿನ ಕೆಳಗೆ ಮೆಣಸಿನಕಾಯಿ. ಇಂಥವನು ಹೋಬಳಿಗೊಬ್ಬ ಇರಲೇಬೇಕು. ಗುಬ್ಬಿ ಕಡೆ ಒಬ್ಬನಿದ್ದಾನೆ, ಕುಣಿಗಲ್ ಕಡೆ ಇಬ್ಬರು. ಆ ಇಬ್ಬರಿಗೂ ಮಾತಿಲ್ಲ ಎನ್ನುತ್ತಾರೆ. ಒಬ್ಬನ ಬಂಪರ್ ಗಾರ್ಡಿನಲ್ಲಿ ದೀಪ ಒಂದು ಜಾಸ್ತಿಯಂತೆ.

ಮನೆಯವರಿಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ. ಊರಿಗೆ ಅವನು ಬಂಪರಣ್ಣ. ನಾನು ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಹೇಳಿದವನು. ಹಾಗಾಗಿ ನನ್ನನ್ನು ಕಂಡರೆ ಗಾಡಿ ನಿಲ್ಲಿಸುತ್ತಾನೆ, ಗ್ಲಾಸು ಇಳಿಸುತ್ತಾನೆ, ‘ಬನ್ನಿ ಮೇಷ್ಟ್ರೆ, ತುಮಕೂರ್ ತಂಕ ಬುಡ್ತೀನಿ’ ಅನ್ನುತ್ತಾನೆ. ಹತ್ತಿದವನು ದಾರಿಯುದ್ದಕ್ಕೂ ಬಂಪರಿನ ವಿಚಾರ ಕೇಳಿಸಿಕೊಳ್ಳಬೇಕು. ಬಸ್ ಚಾರ್ಜು ಉಳಿಯುತ್ತದೆ ಅನ್ನುವುದನ್ನು ಬಿಟ್ಟರೆ ಬೇರೆ ಲಾಭವಿಲ್ಲ.

ಉದ್ಯೋಗ ಏನು ಎಂದರೆ ‘ಬಿಜಿನೆಸ್’. ಬಿಡಿಸಿ ಹೇಳುವುದಾದರೆ, ಡಾಬಸ್‌ಪೇಟೆ ಕಡೆಯಿಂದ ಸೋಂಪುರದ ಕೈಗಾರಿಕಾ ಪ್ರದೇಶ ಬೆಳೆದುಕೊಂಡು ಬಂತು, ಆ ಕಡೆಯಿಂದ ವಸಂತನರಸಾಪುರದ್ದು ಬೆಳೆಯಿತು. ಎಕರೆ ಲೆಕ್ಕದಲ್ಲಿ ಹೊಲ ಕೊಡುವವರು ಒಂದು ಕಡೆ, ಅಡಿ ಲೆಕ್ಕದಲ್ಲಿ ಸೈಟು ಕೊಳ್ಳುವವರು ಇನ್ನೊಂದು ಕಡೆ. ಇಬ್ಬರ ನಡುವೆ ಯಾರಾದರೂ ಓಡಾಡಬೇಕಲ್ಲ, ಬಂಪರಣ್ಣ ಓಡಾಡುತ್ತಾನೆ. ಮೊದಲು ಬೈಕಿನಲ್ಲಿ ಓಡಾಡುತ್ತಿದ್ದ. ಬೈಕಿನಲ್ಲಿ ಬಂದವನ ಮಾತನ್ನು ಬೆಂಗಳೂರಿನ ಪಾರ್ಟಿ ನಂಬುವುದಿಲ್ಲ ಎಂದು ಗೊತ್ತಾದ ಮೇಲೆ ಸೆಕೆಂಡ್‌ಹ್ಯಾಂಡ್ ಬೊಲೆರೊ ಬಂತು. ಬರೀ ಬೊಲೆರೊ ನೋಡಿ ಊರಿನವರೇ ‘ಹಾಲಿನ ಡೇರಿದಾ ಅಣ್ಣ?’ ಎಂದು ಕೇಳಿದ ಮೇಲೆ ಗಾರ್ಡು ಬಂತು.

ಗಾರ್ಡು ಕಟ್ಟಿಸಿದ ಕಥೆಯನ್ನು ಅವನು ಮಗಳ ಮದುವೆ ಮಾಡಿದವನ ಗಾಂಭೀರ್ಯದಲ್ಲಿ ಹೇಳುತ್ತಾನೆ. ರೆಡಿಮೇಡ್ ತರೋಣ ಎಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದನಂತೆ. ಕಾರಿನ ಅಲಂಕಾರ ಸಾಮಾನಿಗೆ ಆ ರಸ್ತೆ ಹೆಸರುವಾಸಿ, ಒಂದೊಂದು ಅಂಗಡಿಯವನೂ ಫುಟ್‌ಪಾತಿಗೇ ಬಂದು ಕೈಹಿಡಿದು ಕರೆಯುತ್ತಾನೆ. ಅಲ್ಲಿ ತೋರಿಸಿದ್ದೆಲ್ಲ ತೆಳ್ಳಗೆ ಕಂಡಿತು. ವಾಪಸು ಬಂದು ತುಮಕೂರಿನಲ್ಲೇ ವೆಲ್ಡಿಂಗ್ ಮೇಸ್ತ್ರಿಯನ್ನು ಹಿಡಿದ. ಮೇಸ್ತ್ರಿ ಅಳತೆ ತಗೊಂಡು, ‘ಅಣ್ಣ, ಇಷ್ಟು ದಪ್ಪ ಬ್ಯಾಡ, ಚಾಸಿಗೆ ಭಾರ ಆಗ್ತದೆ’ ಎಂದ. ಅಣ್ಣ ಇನ್ನೊಂದು ಪೈಪು ಹೆಚ್ಚಿಗೆ ಹಾಕು ಎಂದ. ಚಾಸಿಯ ಎರಡು ತುದಿಗೆ ತೂತು ಕೊರೆದು, ಪ್ಲೇಟು ಕೂರಿಸಿ, ಬೋಲ್ಟು ಬಿಗಿದು ಎತ್ತಿ ನಿಲ್ಲಿಸಿದಾಗ ಬೊಲೆರೊ ಮುಂದಕ್ಕೆ ಸ್ವಲ್ಪ ಬಗ್ಗಿತಂತೆ. ‘ನಮಸ್ಕಾರ ಮಾಡ್ದಂಗೆ ಕಾಣ್ತು ಮೇಷ್ಟ್ರೆ’ ಎನ್ನುವಾಗ ಅವನ ದನಿ ಈಗಲೂ ತುಂಬಿ ಬರುತ್ತದೆ.

ಯಾತಕ್ಕಪ್ಪ ಇದು, ಎಂದು ಕೇಳಿದೆ.

‘ದುರ್ಗದ ಕಾಡು ಮೇಷ್ಟ್ರೆ. ಕರಡಿ ಅಡ್ಡ ಬಂದ್ರೆ?’

ದೇವರಾಯನದುರ್ಗದ ಕಾಡಿನಲ್ಲಿ ಕರಡಿ ಇರುವುದು ನಿಜ, ಚಿರತೆಯೂ ಇದೆ. ಅವು ಅಡ್ಡ ಬರುವುದು ರಾತ್ರಿ. ಬಂಪರಣ್ಣ ರಾತ್ರಿ ಏಳರ ಮೇಲೆ ದುರ್ಗದ ರಸ್ತೆಗೆ ಗಾಡಿ ಹಾಕುವುದಿಲ್ಲ. ಯಾಕೆಂದರೆ ಕರಡಿ ಇದೆಯಲ್ಲ! ಈ ಥರದ ಗಾರ್ಡು ಹೆಚ್ಚು ಚಾಲ್ತಿಯಲ್ಲಿರುವ ಆಸ್ಟ್ರೇಲಿಯಾದಲ್ಲಿ ಅದಕ್ಕೊಂದು ಕಾರಣವಿದೆ. ಅಲ್ಲಿ ಕತ್ತಲಾದ ಮೇಲೆ ಕಾಂಗರೂ ನೆಗೆದುಕೊಂಡು ರಸ್ತೆಗೆ ಬರುತ್ತದೆ, ರೇಡಿಯೇಟರ್ ಒಡೆದರೆ ಮುಂದಿನ ಊರು ನೂರಾರು ಮೈಲಿ. ನಮ್ಮಲ್ಲಿ ಮುಂದಿನ ಊರು ಕೂಗಿದರೆ ಕೇಳುವಷ್ಟು ಹತ್ತಿರ, ನೆಗೆಯುವುದಕ್ಕೆ ಕುರಿಮರಿಯಷ್ಟೇ.

ಅವನ ಗಾರ್ಡಿಗೆ ನಿಜವಾದ ಶತ್ರು ಯಾರು ಅಂದರೆ ಹುರುಳಿ. ಒಕ್ಕಣೆ ಕಾಲದಲ್ಲಿ ನಮ್ಮ ಕಡೆಯ ರೈತರು ಕಣ ಮಾಡುವ ಉಸಾಬರಿ ಬಿಟ್ಟು ಟಾರು ರಸ್ತೆಗೇ ರಾಗಿ, ಹುರುಳಿ ಹರವುತ್ತಾರೆ. ಹೋಗುವ ಬರುವ ಗಾಡಿಗಳ ಚಕ್ರವೇ ರೋಣಗಲ್ಲು. ಮಾಮೂಲಿ ಕಾರುಗಳು ಹೇಗೋ ದಾಟುತ್ತವೆ. ಬಂಪರಣ್ಣನ ಗಾರ್ಡಿನ ಕೆಳಗಿನ ದೀಪದ ಪಟ್ಟಿ ನೆಲದಿಂದ ಗೇಣು ಮೇಲಿದೆ, ಅದು ಹುರುಳಿ ಸೊಪ್ಪನ್ನು ಬಾಚಿಕೊಂಡು ಹೋಗುತ್ತದೆ. ಹುರುಳಿ ಬಳ್ಳಿ ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿ ಹತ್ತುವುದೂ ಉಂಟು. ಆದ್ದರಿಂದ ಜನವರಿಯಲ್ಲಿ ಕರಡಿ ತಡೆಯುವ ಗಾಡಿ ರಾಶಿ ಕಂಡಲ್ಲೆಲ್ಲ ನಿಲ್ಲುತ್ತದೆ. ಬಿಳಿ ಪಂಚೆಯ ಬಂಪರಣ್ಣ ಇಳಿದು, ಪಂಚೆ ಎತ್ತಿ ಕಟ್ಟಿ, ರಸ್ತೆಯಲ್ಲಿ ಮಂಡಿಯೂರಿ ಹುರುಳಿ ಬಿಡಿಸುತ್ತಾನೆ. ರಾಶಿ ಕಾಯುವ ಅಜ್ಜಿ ಬೈಯುತ್ತಾಳೆ: ‘ಒಂದು ಸೇರಾದ್ರೂ ಹೊತ್ಕೊಂಡು ಓಗ್ತೀಯ ಕಣೋ ನಿನ್ ಮೂತೀಲಿ!’ ಮೂತಿ ಅಂದದ್ದು ಗಾಡಿಯದ್ದೆಂದೇ ಅವನು ತಿಳಿದುಕೊಂಡಿದ್ದಾನೆ.

ಗಾರ್ಡು ಬಂದ ಮೇಲೆ ಅದಕ್ಕೆ ಗೀರು ಬಿದ್ದರೆ ಎಂಬ ಚಿಂತೆ ಹುಟ್ಟಿತು. ಬಂಪರನ್ನು ಕಾಯುವುದಕ್ಕೆ ಗಾರ್ಡು; ಗಾರ್ಡನ್ನು ಕಾಯುವುದಕ್ಕೆ ಅದರ ಮೈಗೆ ಕಪ್ಪು ರಬ್ಬರು; ರಬ್ಬರು ಬಿಸಿಲಿಗೆ ಬಿರಿಯಬಾರದೆಂದು ಮನೆಯ ಮುಂದೆ ನಿಲ್ಲಿಸಿದಾಗ ಅದರ ಮೇಲೊಂದು ಗೋಣಿತಾಟು. ಕಂಪನಿಯ ಬಂಪರು ಇವೆಲ್ಲದರ ಹಿಂದೆ ಆರಾಮಾಗಿದೆ. ದೀಪಗಳಿಗೂ ಹಳದಿ ಮುಚ್ಚಳ. ಕಲ್ಲು ಸಿಡಿದರೆ ಗ್ಲಾಸು ಹೋಗುತ್ತದಲ್ಲ. ಹಗಲು ಮುಚ್ಚಳ ತೆಗೆಯುವುದಿಲ್ಲ, ರಾತ್ರಿ ಗಾಡಿ ತೆಗೆಯುವುದಿಲ್ಲ. ದೀಪ ಉರಿಯುವುದು ಆಯುಧಪೂಜೆಯ ಸಂಜೆ, ಗಣಪತಿ ಮೆರವಣಿಗೆಯಲ್ಲಿ, ಮತ್ತೆ ಯಾರಾದರೂ ‘ಉರೀತವಾ ಅಣ್ಣ?’ ಎಂದು ಕೇಳಿದಾಗ. ಕೇಳುವವರು ಸಿಗದಿದ್ದರೆ ಕೇಳುವಂತೆ ಮಾಡುವ ಚಾಕಚಕ್ಯತೆ ಅವನಿಗಿದೆ.

ಕಾಯಿದೆ ಅವನಿಗೆ ಗೊತ್ತಿಲ್ಲವೆಂದಲ್ಲ. ನಾನೇ ಹೇಳಿದ್ದೇನೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಿರೆಂದು ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ, ಕಂಪನಿ ಮಾಡಿಕೊಟ್ಟ ಗಾಡಿಯ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಬಂದು, ಇಂಥ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಾಯಿತು. ‘ಗಾರ್ಡು ಒಂದು, ಗುಂಡು ದೀಪ ನಾಲ್ಕು, ಪಟ್ಟಿ ಒಂದು, ಏರ್ ಹಾರನ್ ಒಂದು, ಒಟ್ಟು ಏಳು. ಏಳು ಐದ್ಲಿ ಮೂವತ್ತೈದು ಸಾವಿರ ನೋಡಪ್ಪ’ ಎಂದೆ. ಅವನು ಗೇರು ಬದಲಿಸುತ್ತಾ, ‘ಎಲ್ಲಾ ಒಂದೇ ದಿನ ಒಂದೇ ಅಂಗ್ಡೀಲಿ ಆಕ್ಸಿದ್ದು ಮೇಷ್ಟ್ರೆ, ಒಂದೇ ಬಿಲ್ಲು’ ಎಂದ.

ಬಂಪರಿನೊಳಗಿನ ವಿಚಾರ ಹೇಳಿದರೂ ಹಾಗೆಯೇ. ಈಗಿನ ಕಾರುಗಳ ಮೂತಿ ಗುದ್ದಿದಾಗ ಕುಗ್ಗಲೆಂದೇ ಮಾಡಿದ್ದು. ಪ್ಲಾಸ್ಟಿಕ್ ಮುರಿದು, ತಗಡು ಮಡಚಿಕೊಂಡು, ಏಟಿನ ಬಿಸಿಯನ್ನು ತಾನು ತಿಂದು ಒಳಗಿದ್ದವರನ್ನು ಉಳಿಸುತ್ತದೆ. ಚಾಸಿಗೆ ನೇರ ಬಿಗಿದ ಗಾರ್ಡು ಆ ಏಟನ್ನು ಕುಗ್ಗದೆ ಒಳಕ್ಕೆ ದಾಟಿಸುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ಸೆನ್ಸರಿನ ಲೆಕ್ಕವೂ ತಪ್ಪಬಹುದು. ‘ನನ್ ಗಾಡೀಲಿ ಏರ್‌ಬ್ಯಾಗೇ ಇಲ್ವಲ್ಲ’ ಎಂದು ಅವನು ಗೆದ್ದವನಂತೆ ನಕ್ಕ. ನಗುವ ವಿಷಯವಲ್ಲ ಎಂದು ನನಗೆ ಅನಿಸುವುದು ಒಂದೇ ಹೊತ್ತು. ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಆ ಗಾರ್ಡು ನಿಂತಾಗ, ಅದರ ಮೇಲಿನ ಪೈಪು ಸರಿಯಾಗಿ ಐದನೇ ಕ್ಲಾಸಿನ ಮಗುವಿನ ಎದೆಯ ಮಟ್ಟಕ್ಕೆ ಬರುತ್ತದೆ. ಹೋದ ಸಲ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮರುದಿನದಿಂದ ಗಾಡಿಯನ್ನು ಅರಳೀಕಟ್ಟೆಯ ಹತ್ತಿರ ನಿಲ್ಲಿಸುತ್ತಿದ್ದಾನೆ, ಮಾತಾಡಲಿಲ್ಲ.

ದೀಪದ ಕಾಯಿದೆಯಂತೂ ನನಗೇ ಬಹಳ ಹಿಡಿಸಿದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ದೀಪದಿಂದ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಕೋರೈಸಬಾರದು. ಬರೆದವರು ಯಾರೋ ನಮ್ಮ ಬಸ್ ಸ್ಟಾಂಡಿನ ಹೂವಿನ ಅಂಗಡಿಯಾಕೆಯನ್ನು ನಿಲ್ಲಿಸಿ ಅಳೆದಂತಿದೆ. ಹಿಂದೆ ಲಾರಿ ಬಸ್ಸಿನ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ ಬಳಿಯುತ್ತಿದ್ದರು, ನೆನಪಿರಬಹುದು. ಆಗ ಎದುರು ಬರುವವನಿಗೂ ಕಣ್ಣಿದೆ ಅನ್ನುವ ತಿಳಿವಳಿಕೆ ಒಂದು ಡಬ್ಬಿ ಪೇಂಟಿನಲ್ಲಿ ಸಿಗುತ್ತಿತ್ತು. 2024ರ ಜುಲೈಯಿಂದ ಕಣ್ಣು ಕುಕ್ಕುವ ಎಲ್‌ಇಡಿಯವರ ಮೇಲೆ ಕೇಸು ಹಾಕುವಂತೆ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಅಲೋಕ್ ಕುಮಾರ್ ರಾಜ್ಯದ ಪೊಲೀಸರಿಗೆ ಹೇಳಿದಾಗ ಬಂಪರಣ್ಣ ಒಂದು ವಾರ ದೀಪದ ಮುಚ್ಚಳದ ಮೇಲೆ ಇನ್ನೊಂದು ಮುಚ್ಚಳ ಹಾಕಿಕೊಂಡು ಓಡಾಡಿದ.

ಇಷ್ಟೆಲ್ಲ ಯಾಕೆ ಎಂದು ನಾನು ಯೋಚಿಸಿದ್ದುಂಟು. ಅವನು ಹುಡುಗನಾಗಿದ್ದಾಗ ಊರಿಗೆ ಗೂಟದ ಕಾರು ಬಂದರೆ ಕ್ಲಾಸು ಬಿಟ್ಟು ಓಡುತ್ತಿದ್ದ, ಬೆತ್ತಕ್ಕೂ ಬಗ್ಗುತ್ತಿರಲಿಲ್ಲ. ಗೂಟದ ಕಾರಿಗೆ ಬೇಕಾದ ಚುನಾವಣೆ, ಪಾರ್ಟಿ, ಹಣ ಯಾವುದೂ ಕೈಗೆಟುಕಲಿಲ್ಲ. ತಾಲ್ಲೂಕು ಪಂಚಾಯ್ತಿ ಟಿಕೆಟ್ಟು ಕೈಗೆ ಬಂದಂತಾಗಿ ಭಾಮೈದನ ಪಾಲಾಯಿತು. ಅಷ್ಟರಲ್ಲಿ 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪವನ್ನೇ ಸರ್ಕಾರ ಇಳಿಸಿಬಿಟ್ಟಿತು. ನೆತ್ತಿಯ ಮೇಲಿನ ದೀಪ ಯಾರಿಗೂ ಇಲ್ಲವೆಂದ ಮೇಲೆ ಮೂತಿಯ ಮೇಲಿನದು ಎಲ್ಲರಿಗೂ ಆಯಿತು. ಬಂಪರಣ್ಣನ ಗಾರ್ಡು ಬಂದದ್ದು ಅದೇ ವರ್ಷದ ದಸರೆಗೆ.

ದೀಪಗಳು ನಿಜವಾಗಿ ಕೆಲಸಕ್ಕೆ ಬರಬೇಕಾದ ರಾತ್ರಿ ಒಂದೇ ಒಂದು ಬಂತು. ದುರ್ಗದ ಜಾತ್ರೆ. ಬೆಂಗಳೂರಿನ ಪಾರ್ಟಿಯನ್ನು ಬೆಟ್ಟ ಹತ್ತಿಸಿ, ಭೋಗನರಸಿಂಹ ಯೋಗನರಸಿಂಹ ಇಬ್ಬರ ದರ್ಶನವನ್ನೂ ಮಾಡಿಸಿ, ಇಳಿಯುವಾಗ ಕತ್ತಲಾಯಿತು. ಪಾರ್ಟಿ ಹೆದರಬಾರದೆಂದು ಅಣ್ಣ ಮುಚ್ಚಳ ತೆಗೆದು ಅಷ್ಟೂ ದೀಪ ಹಾಕಿದ. ಕಾಡು ಬೆಳ್ಳಗಾಯಿತಂತೆ. ಎರಡು ತಿರುವು ಇಳಿಯುವುದರಲ್ಲಿ ಸುಟ್ಟ ವಾಸನೆ, ಆಮೇಲೆ ಕತ್ತಲು. ಕಂಪನಿಯ ಹೆಡ್‌ಲೈಟೂ ಸೇರಿ ಎಲ್ಲವೂ ಹೋಯಿತು.

ಕಾರಣ ಬಹಳ ಸರಳ. ಗುಂಡು ದೀಪಕ್ಕೆ ಒಂದೊಂದಕ್ಕೂ ನೂರು ವ್ಯಾಟಿನ ಬಲ್ಬು. ನಾಲ್ಕು ನೂರು ವ್ಯಾಟನ್ನು ಬ್ಯಾಟರಿಯ ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ ಮೂವತ್ತಮೂರು ಆಂಪಿಯರ್. ಅಷ್ಟು ಕರೆಂಟನ್ನು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ತಂದು, ನಡುವೆ ಫ್ಯೂಸು ಹಾಕಿ, ರಿಲೇ ಮೂಲಕ ಕೊಡಬೇಕು. ಸ್ವಿಚ್ಚು ರಿಲೇಗೆ ಸನ್ನೆ ಮಾಡಿದರೆ ಸಾಕು, ಭಾರ ಹೊರಬೇಕಿಲ್ಲ. ಅಂಗಡಿ ಹುಡುಗ ರಿಲೇಗೆ ಬೇರೆ ದುಡ್ಡಾಗುತ್ತದೆ ಎಂದಾಗ ಅಣ್ಣ ‘ದೀಪ ಕಾಣ್ತದೆ, ರಿಲೇ ಯಾರಿಗ್ ಕಾಣ್ತದೆ?’ ಎಂದು ಉಳಿಸಿದ. ಹುಡುಗ ಹೆಡ್‌ಲೈಟಿನ ವೈರನ್ನೇ ಕೆತ್ತಿ, ಅಲ್ಲಿಗೇ ಸುತ್ತಿ, ಟೇಪು ಹಾಕಿದ. ಕರಗಿದ ಸ್ವಿಚ್ಚನ್ನು ಅಣ್ಣ ನನಗೆ ತೋರಿಸಿದಾಗ, ಓಮನ ನಿಯಮ ಹೇಳಿದ ದಿನದ ಹಾಜರಿ ಪುಸ್ತಕ ಸಿಕ್ಕಿದ್ದರೆ ಎಂದುಕೊಂಡೆ. ಅಂದು ಊರಿಗೆ ಯಾರದೋ ಗೂಟದ ಕಾರು ಬಂದಿತ್ತೇನೋ.

ಆ ರಾತ್ರಿ ಅವರನ್ನು ಊರ್ಡಿಗೆರೆ ಮುಟ್ಟಿಸಿದ್ದು ಜಾತ್ರೆಯಲ್ಲಿ ಕಡ್ಲೆಪುರಿ ಮಾರಿ ವಾಪಸು ಬರುತ್ತಿದ್ದ ಮುದುಕನ ಟಿವಿಎಸ್ ಮೊಪೆಡ್ಡು. ಮುಂದೆ ಅವನ ಮಿಣುಕು ದೀಪ, ಹಿಂದೆ ನಾಲ್ಕು ನೂರು ವ್ಯಾಟಿನ ಬೊಲೆರೊ. ಕಿಟಕಿಯಿಂದ ಪಾರ್ಟಿ ಮೊಬೈಲು ಟಾರ್ಚು ಹಿಡಿದು ಕೂತಿತ್ತು. ಮುದುಕ ಮಧ್ಯೆ ಮಧ್ಯೆ ನಿಲ್ಲಿಸಿ, ‘ಬತ್ತಾ ಇದ್ದೀಯೇನಪ್ಪಾ?’ ಎಂದು ಕೇಳುತ್ತಿದ್ದನಂತೆ. ಪಾರ್ಟಿ ಸೈಟು ತಗೊಳ್ಳಲಿಲ್ಲ.

ಈಚೆಗೆ ಬೊಲೆರೊಗೆ ಹದಿನೈದು ವರ್ಷ ತುಂಬಿತು. ನೋಂದಣಿ ನವೀಕರಣಕ್ಕೆ ತುಮಕೂರಿನ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಗಿದ್ದಕ್ಕೆ ಅಣ್ಣ ಬೇಸರ ಮಾಡಲಿಲ್ಲ. ಗಾರ್ಡು ಬಿಚ್ಚಿಸಿಕೊಂಡು ಬಾ ಎಂದು ಏಜೆಂಟು ಹೇಳಿದ್ದಕ್ಕೆ ಮಾತ್ರ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಬಿಚ್ಚಿದ ಗಾರ್ಡನ್ನು ಇಬ್ಬರು ಹೊತ್ತು ಜಗುಲಿಯ ಮೇಲೆ ಒರಗಿಸಿದರು. ಬರೀ ಮೂತಿಯ ಬೊಲೆರೊ ಬಸ್ ಸ್ಟಾಂಡಿಗೆ ಬಂದಾಗ ಕಟ್ಟೆಯ ಮೇಲೆ ಕೂತವರು ಕಾಲು ಮಡಚಲಿಲ್ಲ, ಟೀ ಅಂಗಡಿಯವನು ಹಳೆ ಬಾಕಿ ಕೇಳಿದ. ಇತ್ತ ಮನೆಯ ಮುಂದೆ ಹೋದವರೆಲ್ಲ ಜಗುಲಿಯ ಗಾರ್ಡು ನೋಡಿ, ‘ಅಣ್ಣ ಒಳಗವ್ರಾ ಅಕ್ಕ?’ ಎಂದು ಅವನ ಹೆಂಡತಿಯನ್ನು ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಆಕೆ ಮಧ್ಯಾಹ್ನದ ಮೇಲೆ ಅದರ ಮೇಲೆ ಒಗೆದ ಬಟ್ಟೆ ಒಣಹಾಕಿದಳು.

ನವೀಕರಣವಾಗಿ ಗಾಡಿ ನೇರ ಮೇಸ್ತ್ರಿಯ ಹತ್ತಿರ ಹೋಯಿತು. ಮರುದಿನ ನಾನು ಹತ್ತುವಾಗ ಎಣಿಸಿದೆ, ಗುಂಡು ದೀಪ ಆರಿದ್ದವು.

‘ಇನ್ನೆರಡು ಯಾತಕ್ಕಯ್ಯ?’

‘ಬಡ್ಡಿ ಮೇಷ್ಟ್ರೆ’ ಎಂದ. ‘ಈ ಸಲ ರಿಲೇನೂ ಆಕ್ಸಿದ್ದೀನಿ. ಎಲ್ರಿಗೂ ಕಾಣ್ಲಿ ಅಂತ ಬಾನೆಟ್ಟಿನ ಮ್ಯಾಲೇ ಕೂರ್ಸಿದ್ದೀನಿ, ನೋಡಿ.’